ಭಾನುವಾರದ ಕೆಂಡ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮಕ್ಕಳಿಗೆ ಅವಳು ಇಸ್ತ್ರಿ ಅಕ್ಕ, ದೊಡ್ಡವರಿಗೆ ಬರೀ ಅಕ್ಕ. ಎದುರು ಸಾಲಿನ ಔಷಧದಂಗಡಿಯ ಯಜಮಾನರು ಅವಳ ತಂದೆಯ ವಾರಿಗೆಯವರು. ಅವರ ಬಾಯಲ್ಲೂ ಅಕ್ಕನೇ. "ಇಷ್ಟೊಂದು ಜನ ತಮ್ಮಂದಿರನ್ನ ನಮ್ಮಮ್ಮ ಯಾವಾಗ ಹೆತ್ತಳೋ, ನಂಗಂತೂ ಗೊತ್ತಾಗ್ಲಿಲ್ಲ" ಎಂದು ಅವಳು ಬಟ್ಟೆ ಕೊಡಲು ಬಂದವರನ್ನು ನಗಿಸುತ್ತಿದ್ದಳು. ಮದುವೆ ಏಕೆ ಆಗಲಿಲ್ಲವೆಂದು ಯಾರಾದರೂ ಕೆದಕಿದರೆ ಅದಕ್ಕೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ಒಂದೇ ಮನೆ ಬಟ್ಟೆ ನನ್ನ ಕೈಗೆ ಯಾವ ಮೂಲೆಗೆ ಸಾಕಾಗುತ್ತೆ ಹೇಳಿ?"

ಲಾಂಡ್ರಿಯನ್ನು ಕಟ್ಟಿದವರು ಅವಳ ಅಪ್ಪ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ಬಿಳಿಯ ದುಪ್ಪಟಿ ಬಿಗಿದ ಉದ್ದನೆಯ ಮೇಜುಗಳು. ಗೋಡೆಯ ತುಂಬ ಮಡಿಸಿದ ಬಟ್ಟೆ ಇಡುವ ಗೂಡುಗಳು. ಅದರ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ಹಿತ್ತಲೆಂದರೆ ಗಿಡಮರವೇನೂ ಇಲ್ಲ. ಒಗೆಯುವ ಕಲ್ಲು, ನೀರಿನ ತೊಟ್ಟಿಗಳು, ಈ ಗೋಡೆಯಿಂದ ಆ ಗೋಡೆಗೆ ಎಳೆದ ತಂತಿಗಳು, ಮೂಲೆಯಲ್ಲಿ ತಾರಸಿಗೆ ಹೋಗುವ ಕಡಿದಾದ ಮೆಟ್ಟಿಲು. ಸಾಬೂನು, ಗಂಜಿ, ಬಿಸಿ ಹತ್ತಿಬಟ್ಟೆ, ಈ ಮೂರರ ವಾಸನೆ ಆ ಮನೆಯ ಅನ್ನದಲ್ಲೂ ಇರುತ್ತಿತ್ತೆಂದು ನೆಂಟರು ಹಾಸ್ಯ ಮಾಡುತ್ತಿದ್ದರು.

ಅಂಗಡಿಗೆ ಸೋಮವಾರ ರಜೆ. ಸೋಮವಾರ ಬೆಳಗ್ಗೆ ಕಚೇರಿಗೆ, ಶಾಲೆಗೆ ಹೋಗುವವರ ಬಟ್ಟೆಗಳೆಲ್ಲ ಭಾನುವಾರ ಸಂಜೆಯೊಳಗೆ ಮನೆ ಸೇರಬೇಕು. ಹಾಗಾಗಿ ಊರಿಗೆಲ್ಲ ರಜೆಯ ದಿನವಾದ ಭಾನುವಾರ ಈ ಮನೆಗೆ ಉಸಿರಾಡಲು ಬಿಡುವಿಲ್ಲದ ದಿನ. ಆಗ ಇದ್ದದ್ದು ಇದ್ದಿಲು ತುಂಬುವ ಇಸ್ತ್ರಿಪೆಟ್ಟಿಗೆಗಳು. ಹಿತ್ತಾಳೆಯ ಮೈ, ಮರದ ಹಿಡಿ, ಬದಿಯಲ್ಲಿ ಗಾಳಿಯಾಡುವ ಕಿಂಡಿಗಳು. ಕೊನೆಯ ಬಟ್ಟೆ ಮಡಚಿಟ್ಟಾಗ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಇನ್ನೂ ನಿಗಿನಿಗಿ ಕೆಂಡ ಉಳಿದಿರುತ್ತಿತ್ತು. ಅದಕ್ಕೆ ನೀರು ಸುರಿದು ಆರಿಸುವುದೆಂದರೆ ಅಪ್ಪನಿಗೆ ಜೀವ ಹಿಂಡಿದಂತಾಗುತ್ತಿತ್ತು.

ಒಂದು ಭಾನುವಾರ ಅಮ್ಮ ಮಾಂಸಕ್ಕೆ ಉಪ್ಪು, ಮೆಣಸು, ಬೆಳ್ಳುಳ್ಳಿ, ನಿಂಬೆರಸ ಹಚ್ಚಿಟ್ಟುಕೊಂಡು ಒಲೆ ಹೊತ್ತಿಸಲು ಹೋದಳು. ಸ್ಟೌವಿನಲ್ಲಿ ಸೀಮೆಎಣ್ಣೆ ಮುಗಿದಿತ್ತು. ಪಾತ್ರೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು, "ಈಗೇನು, ಹಸೀದೇ ತಿಂತೀರಾ?" ಎಂದು ಕೇಳಿದಳು. ಅಪ್ಪನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು. ಅವರು ಅದನ್ನು ನೋಡಿದರು, ಪಾತ್ರೆಯನ್ನು ನೋಡಿದರು. ಹಳೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ್ದ ಕಬ್ಬಿಣದ ಬಾನಿಯೊಂದು ಹಿತ್ತಲಲ್ಲಿ ಬಿದ್ದಿತ್ತು. ಎಲ್ಲ ಪೆಟ್ಟಿಗೆಗಳ ಕೆಂಡವನ್ನು ಅದಕ್ಕೆ ಸುರಿದರು. ದಪ್ಪ ತಂತಿಯ ಹ್ಯಾಂಗರ್‌ಗಳನ್ನು ನೇರ ಮಾಡಿ, ಬೆಂಕಿಯಲ್ಲಿ ಕಾಯಿಸಿ, ಬೂದಿ ಹಾಕಿ ತಿಕ್ಕಿ ತೊಳೆದು, ಮಾಂಸದ ತುಂಡುಗಳನ್ನು ಪೋಣಿಸಿ ಕೆಂಡದ ಮೇಲೆ ಅಡ್ಡಡ್ಡ ಇಟ್ಟರು. "ಅವತ್ತು ತಿಂದ ಊಟ ಆಮೇಲೆ ಯಾವ ಮದುವೆ ಮನೇಲೂ ತಿಂದಿಲ್ಲ" ಎಂದು ಅಪ್ಪ ಬದುಕಿರುವವರೆಗೂ ಹೇಳುತ್ತಿದ್ದರು. ಅಮ್ಮ ಆ ಮಾತಿಗೆ ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಲೂ ಇರಲಿಲ್ಲ.

ಅಲ್ಲಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಮನೆಯವರ ಮಾತಿನಲ್ಲಿ ಅದಕ್ಕೆ "ಕೆಂಡದ ಊಟ" ಎಂದೇ ಹೆಸರು. ಮುಂದೆ ಎಷ್ಟೋ ವರ್ಷಗಳಾದ ಮೇಲೆ ಸೊಸೆಯಾಗಿ ಬಂದವಳು, "ಇದಕ್ಕೆ ಈಗ ಎಲ್ಲರೂ ಬಾರ್ಬೆಕ್ಯೂ ಅಂತಾರೆ ಅತ್ತೆ" ಎಂದಾಗ ಅಮ್ಮ, "ಅನ್ನಲಿ ಬಿಡು, ಪಾಪ, ಅವರ ಮನೇಲಿ ಇಸ್ತ್ರಿಪೆಟ್ಟಿಗೆ ಇರ್ಲಿಲ್ವೇನೋ" ಎಂದುಬಿಟ್ಟಳು.

ಬಟ್ಟೆಗೆ ಇಸ್ತ್ರಿ ಮಾಡುವ ಕ್ರಮವನ್ನೇ ಅಪ್ಪ ಅಡುಗೆಗೂ ತಂದಿದ್ದರು. ಪೆಟ್ಟಿಗೆ ಚೆನ್ನಾಗಿ ಕಾದಿರುವಾಗ ದಪ್ಪ ಹತ್ತಿಬಟ್ಟೆ, ಕೊಂಚ ಇಳಿದ ಮೇಲೆ ಪ್ಯಾಂಟು ಶರಟು, ಸಾಕಷ್ಟು ಆರಿದ ಮೇಲೆ ರೇಷ್ಮೆ. ಕೆಂಡದ ಮುಂದೆಯೂ ಹಾಗೆಯೇ. ಮೊದಲು ಮೂಳೆಯಿರುವ ತುಂಡುಗಳು, ಆಮೇಲೆ ಮೆತ್ತನೆಯವು, ಅದರ ನಂತರ ಮೀನು, ಬದನೆಕಾಯಿ, ಈರುಳ್ಳಿ. ಬೂದಿ ಮುಚ್ಚಿ ಮಂಕಾದ ಕೆಂಡದ ಮೇಲೆ ಕಟ್ಟಕಡೆಗೆ ಬ್ರೆಡ್ಡಿನ ಚೂರುಗಳು. ಶಾಖ ನೋಡಲು ಒದ್ದೆ ಬೆರಳನ್ನು ಕೊಡವುತ್ತಿದ್ದರು. ಹನಿ ಬಿದ್ದು "ಚುಂಯ್" ಎಂದು ಮುಗಿದರೆ ಒಂದು ಲೆಕ್ಕ, "ಚುಂಯ್ಯ್‌ಯ್" ಎಂದು ಎಳೆದರೆ ಇನ್ನೊಂದು ಲೆಕ್ಕ. ಅವರಿಗೆ ಕೆಂಡವನ್ನು ನೋಡಬೇಕೆಂದೇ ಇರಲಿಲ್ಲ, ಕಿವಿ ಕೊಟ್ಟರೆ ಸಾಕಿತ್ತು.

ಮಾಂಸದ ತುಂಡುಗಳಿಗೂ ಅಂಗಡಿಯ ಹೆಸರುಗಳೇ. ಅಂಚಿನಲ್ಲಿ ಕೊಬ್ಬಿರುವುದು ಕಾಲರ್, ಉದ್ದನೆಯದು ತೋಳು, ಚಿಕ್ಕಪುಟ್ಟ ಚೂರುಗಳೆಲ್ಲ ಗುಂಡಿ. ಅಕ್ಕನಿಗಿಂತ ಐದಾರು ವರ್ಷ ಚಿಕ್ಕವನಾದ ತಮ್ಮ ತಟ್ಟೆ ಹಿಡಿದು ಮುಂದೆ ಮುಂದೆ ಬರುತ್ತಿದ್ದ.

"ಅಪ್ಪಾ, ಆಯ್ತಾ?"

"ಇನ್ನೂ ಕಾಲರೇ ಆಗಿಲ್ಲ, ನೀನಾಗ್ಲೇ ಮಡಚಿ ಕೊಡು ಅಂತಿದ್ದೀಯಲ್ಲೋ."

"ಒಂದು ಗುಂಡಿನಾದ್ರೂ ಕೊಡಪ್ಪ."

"ಗುಂಡಿ ಕಿತ್ತುಕೊಟ್ರೆ ಶರಟಿನವರು ಸುಮ್ನಿರ್ತಾರಾ? ಕೂತ್ಕೋ."

ತಮ್ಮ ಕೂರುತ್ತಿರಲಿಲ್ಲ. ಅಕ್ಕ ಕೂರುತ್ತಿದ್ದಳು, ಆದರೆ ಊಟದ ಕಡೆಗೆ ಮುಖ ಮಾಡಿ ಅಲ್ಲ. ಬಾನಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕೆಂಡದ ಮೇಲೆ ಬೂದಿ ತೆಳ್ಳಗೆ ಕಟ್ಟುವುದನ್ನೂ ಕೊಬ್ಬಿನ ಹನಿ ಬಿದ್ದಲ್ಲಿ ಅದು ಒಡೆದು ಮತ್ತೆ ಕೆಂಪು ಹೊಳೆಯುವುದನ್ನೂ ನೋಡುತ್ತಿದ್ದಳು. ವಾರವಿಡೀ ಮೇಜಿನ ಮುಂದೆ ನಿಂತು ಮಾತಿಗೆ ಸಿಗದ ಅಪ್ಪ ಆ ಹೊತ್ತಿನಲ್ಲಿ ಮಾತ್ರ ಮಾತಾಡುತ್ತಿದ್ದರು. ತಾವು ಕೆಲಸ ಕಲಿತದ್ದು, ಮೊದಲ ಸಲ ಯಾರದೋ ರೇಷ್ಮೆ ಸುಟ್ಟು ಅಡಗಿ ಕುಳಿತದ್ದು, ಅಮ್ಮನನ್ನು ನೋಡಲು ಹೋದಾಗ ತೊಟ್ಟಿದ್ದು ಗಿರಾಕಿಯೊಬ್ಬರ ಶರಟೆಂಬುದು, ಇವೆಲ್ಲ ಅವಳಿಗೆ ತಿಳಿದದ್ದು ಆ ಬಾನಿಯ ಪಕ್ಕದಲ್ಲೇ.

ಅಪ್ಪನ ಕಣ್ಣು ಮಂಜಾಗತೊಡಗಿದ ವರ್ಷ ಒಂದು ಸಂಜೆ ಅವರು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ಇಕ್ಕಳವನ್ನು ಗಾಳಿಯಲ್ಲಿ ಚಾಚಿದರು. ಆಗ ಮೀಸೆ ಚಿಗುರುತ್ತಿದ್ದ ತಮ್ಮ ಕೈನೀಡಿದ. ಅಪ್ಪ ಇಕ್ಕಳವನ್ನು ಬಿಡಲಿಲ್ಲ.

"ನಿಂಗಲ್ಲಪ್ಪ. ನೀನು ಕಾಯ್ತಿರೋದು ಊಟಕ್ಕೆ. ಅವಳು ಕಾಯ್ತಿರೋದು ಕೆಂಡನ."

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಅವನ ನಗು ಎಲ್ಲರಿಗಿಂತ ಮೊದಲೇ ನಿಂತುಹೋದದ್ದನ್ನು ಅಕ್ಕ ಗಮನಿಸಿದಳು. ಆದರೆ ಕೆಂಡ ಕಾಯುತ್ತಿತ್ತು, ಅವಳು ಆ ಕಡೆ ತಿರುಗಿದಳು.

ಅಪ್ಪ ಹೋದರು. ಅಂಗಡಿಗೆ ಕರೆಂಟಿನ ಇಸ್ತ್ರಿಪೆಟ್ಟಿಗೆ ಬಂತು, ಆಮೇಲೆ ಹಬೆಯದೂ ಬಂತು. ಹಿತ್ತಾಳೆಯ ಪೆಟ್ಟಿಗೆಗಳು ಅಟ್ಟ ಸೇರಿದವು. ಈಗ ಭಾನುವಾರ ಸಂಜೆ ಉಳಿಯುವ ಕೆಂಡವೇ ಇಲ್ಲ. ಅಕ್ಕ ತಲೆಕೆಡಿಸಿಕೊಳ್ಳಲಿಲ್ಲ. ಇದ್ದಿಲನ್ನು ಮೂಟೆಯಲ್ಲಿ ತರಿಸಿದಳು. ಉಳಿದ ಬೆಂಕಿ ಹಾಳಾಗಬಾರದೆಂದು ಹುಟ್ಟಿದ ಊಟಕ್ಕಾಗಿ ಬೆಂಕಿಯನ್ನೇ ಹೊಸದಾಗಿ ಹೊತ್ತಿಸುವುದು ವಿಚಿತ್ರವೆಂದು ತಮ್ಮನ ಹೆಂಡತಿ ಒಮ್ಮೆ ಮೆಲ್ಲಗೆ ಅಂದಳು. "ವಿಚಿತ್ರನೇ ಕಣಮ್ಮ" ಎಂದು ಅಕ್ಕ ಒಪ್ಪಿಕೊಂಡಳು, ಬೀಸಣಿಗೆ ಬೀಸುತ್ತಲೇ. ಅಂಗಡಿಯ ಗಲ್ಲಾ ಪೆಟ್ಟಿಗೆ, ಗಿರಾಕಿ, ಹೊಸ ಯಂತ್ರ ಎಲ್ಲವನ್ನೂ ನೋಡಿಕೊಳ್ಳುವವನು ತಮ್ಮ. ಮೇಜು ಮತ್ತು ಬಾನಿ ಅಕ್ಕನವು. ಹೀಗೆ ಮನೆ ಸುಸೂತ್ರವಾಗಿ ನಡೆದಿತ್ತು, ಶಾಲೆಯ ಬ್ಯಾಂಡ್ ಮೇಷ್ಟ್ರ ಕೋಟು ಬರುವವರೆಗೆ.

ಅದು ಉಣ್ಣೆಯ ಕಪ್ಪು ಕೋಟು, ಭುಜಕ್ಕೆ ಚಿನ್ನದ ಬಣ್ಣದ ಕುಚ್ಚು. ಸೋಮವಾರ ಶಾಲೆಯ ವಾರ್ಷಿಕೋತ್ಸವ. ಮೇಷ್ಟ್ರು ಪೆಟ್ರೋಲ್ ವಾಶಿಗೆ ಕೊಟ್ಟಿದ್ದರು. ಪೆಟ್ರೋಲ್ ವಾಶ್ ಆದ ಬಟ್ಟೆಯನ್ನು ವಾಸನೆ ಹೋಗುವ ತನಕ ಗಾಳಿಗೆ ಹಾಕಬೇಕು. ಅಕ್ಕ ಶುಕ್ರವಾರವೇ ಅದನ್ನು ತೊಳೆದು, ಹಿತ್ತಲಲ್ಲಿ ಮೆಟ್ಟಿಲ ಕೆಳಗಿನ ನೆರಳಿನಲ್ಲಿ ತೂಗುಹಾಕಿದ್ದಳು. ಅಪ್ಪನ ಕಾಲದಿಂದ ಒಂದು ಕಟ್ಟಳೆ ಇತ್ತು: ಹಿತ್ತಲಲ್ಲಿ ಒಂದು ಕರವಸ್ತ್ರ ಇದ್ದರೂ ಕೆಂಡ ಹಾಕಬಾರದು. ಆ ಭಾನುವಾರವೂ ಅಕ್ಕ ತಂತಿಗಳನ್ನೆಲ್ಲ ನೋಡಿದಳು, ತೊಟ್ಟಿ ನೋಡಿದಳು, ಒಗೆಯುವ ಕಲ್ಲಿನ ಹಿಂದೆಯೂ ನೋಡಿದಳು. ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಕಪ್ಪು ಕೋಟು ಕತ್ತಲೆಯ ಹಾಗೆಯೇ ನಿಂತಿತ್ತು. ಎರಡು ದಿನದ ಹಿಂದೆ ತಾನೇ ತೂಗುಹಾಕಿದ್ದನ್ನು ಮರೆತಿದ್ದ ಅವಳಿಗೆ ಅದು ಕಾಣಲಿಲ್ಲ.

ಅಂದು ಕೊಬ್ಬು ಹೆಚ್ಚಿರುವ ಮಾಂಸ. ಹೊಗೆ ಎದ್ದು, ಗೋಡೆಗೆ ಬಡಿದು, ಮೆಟ್ಟಿಲ ಸಂದಿಯಲ್ಲೇ ಸುತ್ತಿ ಸುತ್ತಿ ಕುಳಿತಿತು. ಮೇಷ್ಟ್ರು ತಡವಾಗಿ ಓಡೋಡಿ ಬಂದಾಗ ತಮ್ಮ ಹಿತ್ತಲಿಗೆ ಬಂದು ಕೋಟು ತೆಗೆದು, ಕಾಗದದ ಚೀಲ ತೊಡಿಸಿ ಕೊಟ್ಟ. ಮನೆಯೆಲ್ಲ ಅದೇ ವಾಸನೆಯಿದ್ದಾಗ ಕೋಟಿನ ವಾಸನೆ ಯಾರ ಮೂಗಿಗೆ ಬೀಳಬೇಕು? ಅಕ್ಕ ಕೆಂಡದ ಮುಂದೆ ಬಗ್ಗಿದ್ದಳು. ತಲೆ ಎತ್ತಲೂ ಇಲ್ಲ.

ಮಂಗಳವಾರ ಬಾಗಿಲು ತೆರೆಯುವ ಮೊದಲೇ ಮೇಷ್ಟ್ರು ಅಂಗಡಿಯ ಮುಂದಿದ್ದರು. ಕೋಟನ್ನು ಸತ್ತ ಹೆಗ್ಗಣದ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದರು.

"ಮೂಸಿ" ಎಂದರು.

ತಮ್ಮ ಮೂಸಿದ. ಅವನ ಮುಖ ಬಿಳಿಚಿಕೊಂಡಿತು.

"ಮುಖ್ಯ ಅತಿಥಿಗಳ ಪಕ್ಕದಲ್ಲೇ ನನ್ನ ಕುರ್ಚಿ. ಅವರು ಭಾಷಣದ ಕಾಗದ ಕೆಳಗಿಟ್ಟು, ನನ್ನ ಕಡೆ ವಾಲಿ, 'ಊಟದ ವ್ಯವಸ್ಥೇನೂ ಇದೆಯಾ?' ಅಂತ ಕೇಳಿದ್ರು ಕಣಯ್ಯ! ನಾನು ತಾಳ ಹಾಕೋಕೆ ಕೈ ಎತ್ತಿದಾಗೆಲ್ಲ ಮುಂದಿನ ಸಾಲಿನ ಹುಡುಗರು ಊದೋದು ಬಿಟ್ಟು ನಗ್ತಾರೆ. ಮನೆಗೆ ಹೋಗ್ತಾ ಬೀದಿ ನಾಯಿಗಳೆಲ್ಲ ನನ್ನ ಹಿಂದೆ ಮೆರವಣಿಗೆ. ಜನ್ಮದಲ್ಲಿ ಅಷ್ಟು ಜನ ನನ್ನ ಬ್ಯಾಂಡಿನ ಹಿಂದೆ ಬಂದಿರ್ಲಿಲ್ಲ!"

ಒಳಗೆ ಮೇಜಿನ ಮುಂದಿದ್ದ ಅಕ್ಕನಿಗೆ ಆ ಕೊನೆಯ ಮಾತಿಗೆ ನಗು ಬಂದಿತು. ಅದೊಂದು ತಪ್ಪಾಯಿತು. ತಮ್ಮ ತಿರುಗಿ ನೋಡಿದ.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಮಾತು ಸಿಡಿಯಿತು.

"ನಗ್ತೀಯಲ್ಲಕ್ಕ. ಲಾಂಡ್ರಿಗೆ ಬಟ್ಟೆ ಕೊಟ್ರೆ ಹೋಟ್ಲಿಗೆ ಕೊಟ್ಟ ಹಾಗೆ ವಾಪಸ್ ಬರುತ್ತೆ ಅಂತ ಜನ ಮಾತಾಡಿದ್ರೆ ಏನು ಮಾಡ್ತೀಯ?"

"ತಪ್ಪಾಯ್ತು ಅಂದೆನಲ್ಲೋ. ಕೋಟು ನಾನೇ ಮತ್ತೆ ತೊಳೆದು ಕೊಡ್ತೀನಿ. ಇನ್ಮೇಲೆ ದೀಪ ಹಿಡಿದು ನೋಡ್ತೀನಿ."

"ಇನ್ಮೇಲೆ ಇಲ್ಲ. ಬೆಂಕಿನೂ ಬೇಡ, ಹೊಗೆನೂ ಬೇಡ. ತಿನ್ಬೇಕು ಅನ್ಸಿದ್ರೆ ಅಡುಗೆಮನೇಲಿ ಮಾಡಿ ತಿನ್ನೋಣ."

"ಅಪ್ಪ ಹಾಕಿಕೊಟ್ಟ ಪದ್ಧತಿ ಕಣೋ ಅದು."

ತಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದ. "ಹೌದು. ಅಪ್ಪ ನಿಂಗೆ ಭಾನುವಾರ ಕೊಟ್ಟ. ವಾರದ ಮಿಕ್ಕ ದಿನಗಳನ್ನ ನಂಗೆ ಕೊಟ್ಟ. ಗಿರಾಕಿ ಹತ್ರ ಬೈಸಿಕೊಳ್ಳೋನು ನಾನಲ್ವಾ?"

 ಅವನ ನಗು ಮೊದಲೇ ನಿಂತ ಆ ಸಂಜೆ ಇಷ್ಟು ವರ್ಷ ಅವನೊಳಗೆ ಬೂದಿ ಮುಚ್ಚಿಕೊಂಡು ಇತ್ತೆಂಬುದು ಅಕ್ಕನಿಗೆ ಆಗ ತಿಳಿಯಿತು. ಎದ್ದು ಹಿತ್ತಲಿಗೆ ಹೋದಳು. ಬಾನಿಯನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಸಾಬೂನಿನ ಬಿಲ್ಲೆಗಳನ್ನು ಒಣಗಲಿಟ್ಟಳು. ಅವನು ನೋಡಿ ಅಂಗಡಿಗೆ ಹೋದ. ಕೋಟನ್ನು ಅವಳು ಮೂರು ಸಲ ತೊಳೆದು, ವಾಸನೆ ಹೋಗಿದೆಯೆಂದು ಎದುರಂಗಡಿಯವರ ಮೂಗಿನಿಂದಲೂ ಖಚಿತಪಡಿಸಿಕೊಂಡು ಕಳಿಸಿದಳು.

ಅದಾದ ಮೇಲಿನ ಭಾನುವಾರಗಳು ಹೇಗಿದ್ದವೆಂದು ಹೇಳುವುದು ಕಷ್ಟ. ಮನೆಯಲ್ಲಿ ಜಗಳವಿರಲಿಲ್ಲ. ತಮ್ಮನ ಹೆಂಡತಿ ಒಳ್ಳೆಯವಳು. ಅದೇ ಮಾಂಸ, ಅದೇ ಮೆಣಸು, ಅದೇ ನಿಂಬೆ ಹಾಕಿ ಬಾಣಲೆಯಲ್ಲಿ ಹುರಿದು, "ಅಕ್ಕ, ಒಂದು ಚೂರು ನೋಡಿ ಹೇಳಿ" ಎಂದು ಮುಂದಿಡುತ್ತಿದ್ದಳು. ಚೆನ್ನಾಗಿಯೇ ಇರುತ್ತಿತ್ತು. ಆದರೆ ತಿಂದ ಕೂಡಲೇ ಎಲ್ಲರೂ ಏಳುತ್ತಿದ್ದರು. ಕೆಂಡದ ಮುಂದೆ ತುಂಡು ತುಂಡಾಗಿ ಬರುವ ಊಟಕ್ಕೆ ಕಾಯಬೇಕಿತ್ತು, ಕಾಯುವಾಗ ಮಾತಾಡಬೇಕಿತ್ತು. ತಟ್ಟೆಗೆ ಒಮ್ಮೆಲೇ ಬಂದ ಊಟಕ್ಕೆ ಅದೊಂದೂ ಬೇಕಿರಲಿಲ್ಲ. ಅಕ್ಕತಮ್ಮಂದಿರ ಮಾತು ಈಗ ಮೂರನೆಯವರ ಮೂಲಕ ಸಾಗುತ್ತಿತ್ತು. "ನಿಮ್ಮ ಯಜಮಾನರಿಗೆ ಹೇಳಮ್ಮ, ಗಂಜಿ ಮುಗಿದಿದೆ." "ಅಕ್ಕನಿಗೆ ಹೇಳು, ನಾಳೆ ಬರುತ್ತೆ." ತಮ್ಮನ ಹೆಂಡತಿ ಇಬ್ಬರ ನಡುವೆ ನಿಂತು, "ಇಬ್ಬರಿಗೂ ಕೇಳಿಸಿತು ಅಲ್ವಾ, ನಾನು ಪಾತ್ರೆ ತೊಳೀಲಾ?" ಎನ್ನುತ್ತಿದ್ದಳು.

ಅಮ್ಮನಿಗೆ ಮಂಡಿನೋವು, ಬೆತ್ತದ ಕುರ್ಚಿಯೇ ಅವಳ ಲೋಕ. ಅವಳು ಹೊತ್ತು ಇಳಿಯುತ್ತಿದ್ದಂತೆ ಹಿತ್ತಲ ಬಾಗಿಲ ಕಡೆ ಮುಖ ಮಾಡಿ, "ಇವತ್ತು ಯಾವ ವಾರನೇ?" ಎಂದು ಕೇಳುತ್ತಿದ್ದಳು. ಭಾನುವಾರವೆಂದರೆ, "ಹಾಗೆ ಕಾಣಲ್ವಲ್ಲ" ಎಂದು ಅರ್ಧ ತಟ್ಟೆ ಬಿಟ್ಟು ಕೈತೊಳೆಯುತ್ತಿದ್ದಳು. ವಾರ ವಾರಕ್ಕೂ ಅವಳು ಬಿಟ್ಟ ಅರ್ಧ ದೊಡ್ಡದಾಗುತ್ತ ಬಂತು.

ಅಕ್ಕನನ್ನು ಕಾಡಿದ್ದು ಊಟವಲ್ಲ. ಭಾನುವಾರ ಸಂಜೆ ಕೊನೆಯ ಬಟ್ಟೆ ಮಡಚಿದ ಮೇಲೆ ಅವಳ ಕೈಗಳಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ದಿಂಬಿನ ಚೀಲಗಳಿಗೆ ಇಸ್ತ್ರಿ ಮಾಡಿದಳು. ಒರೆಸುವ ಬಟ್ಟೆಗೂ ಮಾಡಿದಳು. ಒಂದು ಸಂಜೆ ಅಪ್ಪನ ದನಿಯನ್ನು ನೆನಪಿಸಿಕೊಳ್ಳಲು ಕುಳಿತಳು. ಮಾತುಗಳು ನೆನಪಾದವು, ದನಿ ಬರಲಿಲ್ಲ. ಇಷ್ಟು ವರ್ಷ ಆ ದನಿ ತನ್ನ ತಲೆಯಲ್ಲಿದೆ ಎಂದು ಅವಳು ತಿಳಿದಿದ್ದಳು. ಅದು ಇದ್ದದ್ದು ಬಾನಿಯ ಪಕ್ಕದಲ್ಲಿ. ಇನ್ನು ಕೆಲವು ತಿಂಗಳು ಹೀಗೇ ಕಳೆದರೆ ಅದು ಅಲ್ಲಿಂದಲೂ ಹೋಗಿಬಿಡುತ್ತದೆ ಎನ್ನಿಸಿ ಅವಳಿಗೆ ಹೆದರಿಕೆಯಾಯಿತು. ಆದರೂ ತಮ್ಮನನ್ನು ಕೇಳಲು ಬಾಯಿ ಬರಲಿಲ್ಲ. ತಪ್ಪು ತನ್ನದು. ಅದಕ್ಕಿಂತ ಹೆಚ್ಚಾಗಿ, ಅವನು ಅಂದ ಮಾತು ಸುಳ್ಳಲ್ಲ.

ಇತ್ತ ಅಂಗಡಿಯಲ್ಲಿ ಯಾರೂ ಎಣಿಸದ ಒಂದು ತೊಂದರೆ ಶುರುವಾಯಿತು. ಭಾನುವಾರ ಸಂಜೆ ಖಾಲಿಯಾಗಬೇಕಾದ ಗೂಡುಗಳು ತುಂಬಿಕೊಂಡೇ ಉಳಿಯತೊಡಗಿದವು. ಸೋಮವಾರ ನಸುಕಿನಲ್ಲೇ ಮುಚ್ಚಿದ ಬಾಗಿಲನ್ನು ಜನ ಬಡಿಯತೊಡಗಿದರು. ಔಷಧದಂಗಡಿಯ ಯಜಮಾನರೇ ಒಂದು ಸೋಮವಾರ ಬನಿಯನ್ನಿನಲ್ಲಿ ಬಂದು ನಿಂತರು.

"ಶರಟು ಕೊಡಪ್ಪ. ಒಂದೂ ಇಲ್ಲ ಮನೇಲಿ."

ತಮ್ಮ ಹಲ್ಲುಜ್ಜುತ್ತಿದ್ದ. "ನಿನ್ನೆನೇ ರೆಡಿ ಇತ್ತಲ್ಲ ಸಾರ್. ಒಯ್ಯೋದಲ್ವಾ?"

"ನೆನಪಾದ್ರೆ ತಾನೆ? ಇಷ್ಟು ವರ್ಷ ನಿಮ್ಮ ಹಿತ್ತಲಿಂದ ಹೊಗೆ ಏಳ್ತಿದ್ದ ಹಾಗೇ ನಮ್ಮನೆಯವಳು, 'ರೀ, ಲಾಂಡ್ರಿ ಮುಚ್ತಾರೆ, ಓಡಿ' ಅಂತಿದ್ಲು. ಈಗ ಹೊಗೆನೂ ಇಲ್ಲ, ವಾಸನೆನೂ ಇಲ್ಲ. ಭಾನುವಾರ ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ."

ಅವರ ಹಿಂದೆಯೇ ಇನ್ನಿಬ್ಬರು ನಿಂತಿದ್ದರು. ಅವರದೂ ಅದೇ ಕಥೆ. ಬಾಯ ತುಂಬ ನೊರೆ ಇಟ್ಟುಕೊಂಡೇ ತಮ್ಮ ಬಟ್ಟೆ ಹುಡುಕಿಕೊಟ್ಟ. ಬೀದಿಗೆ ಬೀದಿಯೇ ಕೆಂಡದ ಊಟದ ಹೊಗೆಯನ್ನು ಗಡಿಯಾರ ಮಾಡಿಕೊಂಡಿದ್ದ ಸಂಗತಿ ಆ ಮನೆಯವರಿಗೇ ತಿಳಿದಿರಲಿಲ್ಲ. ಒಳಗೆ ಕಾಫಿ ಸೋಸುತ್ತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. "ನೋಡಿದೆಯಾ?" ಎಂದು ಕೇಳುವ ಆಸೆ ಗಂಟಲವರೆಗೂ ಬಂತು. ಆದರೆ ಕೇಳಲಿಲ್ಲ. ಗೆದ್ದ ಹಾಗೆ ಮಾತಾಡಿದರೆ ಭಾನುವಾರ ಸಿಕ್ಕೀತು, ತಮ್ಮ ಸಿಗಲಾರ ಎಂದು ಅವಳಿಗೆ ಅನ್ನಿಸಿತು. ಒಂದು ಲೋಟ ಕಾಫಿಯನ್ನು ಗಲ್ಲಾ ಪೆಟ್ಟಿಗೆಯ ಮೇಲಿಟ್ಟು, "ಮೊದಲು ಬಾಯಿ ತೊಳ್ಕೋ, ಆರಿಹೋಗುತ್ತೆ" ಎಂದಳು. ಎಷ್ಟೋ ವಾರಗಳ ನಂತರ ಅವಳು ನೇರವಾಗಿ ಅವನಿಗೇ ಆಡಿದ ಮಾತು ಅದು.

ಅದರ ಮುಂದಿನ ಭಾನುವಾರ ಸಂಜೆ ಅಕ್ಕ ಕೊನೆಯ ಶರಟಿನ ತೋಳು ಮಡಚುತ್ತಿದ್ದಾಗ ಹಿತ್ತಲಲ್ಲಿ ಢಣ್ ಎಂದು ಸದ್ದಾಯಿತು. ಮತ್ತೆ ಕಲ್ಲಿನ ಮೇಲೆ ಕಬ್ಬಿಣ ಎಳೆದ ಕರ್ಕಶ ಸದ್ದು. ಓಡಿಹೋಗಿ ನೋಡಿದರೆ ಸಾಬೂನಿನ ಬಿಲ್ಲೆಗಳೆಲ್ಲ ನೆಲದ ಮೇಲೆ. ಬಾನಿ ಮೆಟ್ಟಿಲ ನಡುವೆ ಸಿಕ್ಕಿಕೊಂಡಿತ್ತು. ಮೇಲುತುದಿಯಲ್ಲಿ ತಮ್ಮ, ಕೆಳತುದಿಯಲ್ಲಿ, ಮುಖವೆಲ್ಲ ಕೆಂಪಾಗಿ, ಬ್ಯಾಂಡ್ ಮೇಷ್ಟ್ರು.

"ಮೇಷ್ಟ್ರೇ, ನೀವಾ?"

"ಬಟ್ಟೆ ತಗೊಂಡು ಹೋಗೋಣ ಅಂತ ಬಂದವನನ್ನ ಹಿಡಿದು ಹಾಕಿದ್ದಾನಮ್ಮ ನಿನ್ನ ತಮ್ಮ. ಕೋಟಿನ ಸೇಡು ನಾನು ತೀರಿಸ್ಕೋಬೇಕಿತ್ತು, ಇವನು ತೀರಿಸ್ಕೋತಿದ್ದಾನೆ."

ತಮ್ಮ ಅವಳ ಮುಖ ನೋಡದೆಯೇ ಹೇಳಿದ: "ಸುಮ್ನೆ ನೋಡ್ತಾ ನಿಂತ್ಕೋಬೇಡ. ಇದ್ದಿಲು ತಗೊಂಡು ಬಾ. ದುಪ್ಪಟಿ ಒಣಗಿಸೋಕೆ ದಿನಾ ಮೇಲೆ ಹೋಗೋನು ನಾನು. ಹೊತ್ತು ಇಳಿದ ಮೇಲೆ ಅಲ್ಲಿ ಗಾಳಿ ರೈಲು ಹಳಿ ಕಡೆಗೆ ತಿರುಗುತ್ತೆ. ಒಂದು ಎಳೆ ಹೊಗೆನೂ ಅಂಗಡಿಗೆ ಇಳಿಯಲ್ಲ."

ಅಕ್ಕ ಬಿದ್ದಿದ್ದ ಸಾಬೂನುಗಳನ್ನು ಒಂದೊಂದಾಗಿ ಆರಿಸತೊಡಗಿದಳು. "ಅಯ್ಯೋ, ಅದನ್ನ ನಾನು ಎತ್ತಿಡ್ತೀನಿ, ನೀವು ಹತ್ತಿ" ಎಂದು ತಮ್ಮನ ಹೆಂಡತಿ ಅವಳ ಕೈಯಿಂದ ಕಸಿದುಕೊಂಡಳು. ಮಾಂಸಕ್ಕೆ ಉಪ್ಪು ಮೆಣಸು ಹಚ್ಚಿ ಬೆಳಗ್ಗೆಯೇ ಅಡಗಿಸಿಟ್ಟವಳು ಅವಳು.

ತಾರಸಿಯ ಮೇಲೆ ಕೆಂಡ ಹಿತ್ತಲಿನ ಕೆಂಡದಂತೆ ನಡೆದುಕೊಳ್ಳಲಿಲ್ಲ. ನಾಲ್ಕು ಗೋಡೆಗಳ ನಡುವೆ ಬೆಳೆದ ಅಕ್ಕನ ವಿದ್ಯೆ ಬಯಲ ಗಾಳಿಗೆ ತಬ್ಬಿಬ್ಬಾಯಿತು. ಒದ್ದೆ ಬೆರಳು ಕೊಡವಿದರೆ ಹನಿಯ ಸದ್ದು ಗಾಳಿಯಲ್ಲಿ ಹಾರಿಹೋಗುತ್ತಿತ್ತು. ಮೂಳೆಯ ತುಂಡುಗಳನ್ನು ಇಟ್ಟಳೋ ಇಲ್ಲವೋ, ಇದ್ದಿಲು ಭಗ್ಗನೆ ಉರಿದು ಮೇಲ್ಮೈ ಕಪ್ಪಾಯಿತು. ಬಿಡಿಸಿ ನೋಡಿದರೆ ಒಳಗೆ ಇನ್ನೂ ಕೆಂಪು. ಮೆತ್ತನೆಯ ತುಂಡಿಡುವ ಹೊತ್ತಿಗೆ ಕೆಂಡವೆಲ್ಲ ಬೂದಿಯಾಗಿತ್ತು. ಇಕ್ಕಳ ಹಿಡಿದು ಅವಳು ಪೆಚ್ಚಾಗಿ ನಿಂತಳು.

"ಬರ್ತಾ ಇಲ್ಲ ಕಣೋ ನಂಗೆ" ಎಂದಳು.

ತಮ್ಮನಿಗೆ ಅಕ್ಕನ ಬಾಯಲ್ಲಿ ಅಂಥ ಮಾತು ಕೇಳಿ ಅಭ್ಯಾಸವಿರಲಿಲ್ಲ.  ಅವನು ಮೂಲೆಯಲ್ಲಿದ್ದ ತಗಡಿನ ಹಾಳೆಯನ್ನು ತಂದು, ಗಾಳಿ ಬರುವ ಕಡೆಗೆ ಅಡ್ಡಹಿಡಿದು ನಿಂತ. ಗಾಳಿ ತಿರುಗಿದರೆ ತಾನೂ ತಿರುಗಿದ. ದಿನಾಲೂ ಒದ್ದೆ ದುಪ್ಪಟಿಗಳೊಂದಿಗೆ ಗುದ್ದಾಡಿದವನಿಗೆ ಆ ಗಾಳಿಯ ಚಾಳಿಯೆಲ್ಲ ಗೊತ್ತಿತ್ತು. "ಈಗ ಬರುತ್ತೆ ನೋಡು ಒಂದು... ಬಂತು. ಈಗ ಬಿಡುವು, ತಿರುವಿಹಾಕು ಬೇಗ" ಎನ್ನುತ್ತಿದ್ದ. ಅವಳು ತಿರುವುತ್ತಿದ್ದಳು. ಹೊಸ ಇದ್ದಿಲು ನಿಧಾನವಾಗಿ ಕೆಂಪಾಗಿ, ಮೈಮೇಲೆ ತೆಳ್ಳಗೆ ಬೂದಿ ಕಟ್ಟಿತು.

"ಸ್ವಲ್ಪ ಈ ಕಡೆ ಬಾರೋ, ನಂಗೆ ಕೆಂಡ ಕೇಳಿಸ್ತಿಲ್ಲ."

"ನಾನೇನು ಪರದೇನಾ, ಎಳೆದ ಕಡೆ ಬರೋಕೆ?"

"ಪರದೆ ಆದ್ರೆ ಇಷ್ಟು ಮಾತಾಡ್ತಿರ್ಲಿಲ್ಲ."

ಅಷ್ಟರಲ್ಲಿ ಕೆಳಗಿನಿಂದ ಅಮ್ಮನ ಕೂಗು. "ಹೊಗೆ ಏಳ್ತಿದೆ ಅಂತ ಬೀದಿಯೋರು ಹೇಳ್ತಿದ್ದಾರೆ, ನಂಗೇ ಕಾಣಲ್ಲ! ನನ್ನನ್ನ ಇಲ್ಲಿ ಯಾಕ್ರೋ ಬಿಟ್ರಿ?" ಕೊನೆಗೆ ತಮ್ಮ ತಗಡನ್ನು ಹೆಂಡತಿಯ ಕೈಗೆ ಕೊಟ್ಟು ಇಳಿದ. ಅವನೂ ಮೇಷ್ಟ್ರೂ ಸೇರಿ ಅಮ್ಮನನ್ನು ಬೆತ್ತದ ಕುರ್ಚಿ ಸಮೇತ ಎತ್ತಿಕೊಂಡರು. ಒಂದೊಂದು ಮೆಟ್ಟಿಲಿಗೂ ಅಮ್ಮ, "ಬೀಳಿಸ್ಬೇಡ್ರೋ, ನಿಮಗಿರೋದು ಒಬ್ಬಳೇ ಅಮ್ಮ" ಎನ್ನುತ್ತಿದ್ದಳು. ಮೇಷ್ಟ್ರು, "ನನಗೆ ಬೇರೆ ಇದ್ದಾರೆ ತಾಯಿ, ಆದ್ರೂ ಬೀಳಿಸಲ್ಲ" ಎಂದು ಏದುಸಿರು ಬಿಟ್ಟರು.

ಬೀದಿಯಲ್ಲಿ ಜನ ಚೀಲ ಹಿಡಿದು ಲಾಂಡ್ರಿಯ ಕಡೆಗೆ ಬರುತ್ತಿದ್ದರು. ಮೇಲಿನಿಂದ ಹಿತ್ತಲು ಕಾಣುತ್ತಿತ್ತು. ಒಗೆಯುವ ಕಲ್ಲು, ಬಾನಿ ಇದ್ದ ಜಾಗದಲ್ಲಿ ಉಳಿದ ಕಪ್ಪು ಕಲೆ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಭಾನುವಾರಗಳು ಹೇಗೆ ಹಿಡಿಸಿದವು ಎಂದು ಅಕ್ಕನಿಗೆ ಸೋಜಿಗವಾಯಿತು. ಅಪ್ಪ ಈ ತಾರಸಿಯ ಮೇಲೆ ಒಂದು ದಿನವೂ ಕೂತವರಲ್ಲ. ಇಲ್ಲಿ ಅವರ ದನಿ ಬರುತ್ತದೆಯೋ ಇಲ್ಲವೋ ಎಂದು ಅವಳು ಅಳುಕಿದ್ದಳು.

ಮೊದಲ ತುಂಡು ಅಮ್ಮನ ತಟ್ಟೆಗೆ ಹೋಯಿತು. ಎಲ್ಲರೂ ಅವಳ ಬಾಯನ್ನೇ ನೋಡಿದರು. ಅಮ್ಮ ಅಗಿದಳು, ನಿಲ್ಲಿಸಿದಳು, ಮತ್ತೆ ಅಗಿದಳು.

"ಹೊರಗೆ ಇದ್ದಿಲು, ಒಳಗೆ ಹಸಿ" ಎಂದಳು.

ಅಕ್ಕನ ಮುಖ ಬಾಡಿತು. ಅಮ್ಮ ಇನ್ನೊಂದು ತುಂಡಿಗೆ ಕೈ ಹಾಕಿದಳು.

"ನಿಮ್ಮಪ್ಪ ಮೊದಲನೇ ಸಲ ಮಾಡಿದ್ದೂ ಹೀಗೇ ಇತ್ತು. ಮದುವೆ ಮನೆ ಊಟ ಅಂತ ಕೊಚ್ಚಿಕೊಳ್ತಿದ್ರಲ್ಲ, ಸುಳ್ಳು! ಹಲ್ಲಿಗೆ ಸಿಕ್ಕಲ್ಲ, ಗಂಟಲಿಗೆ ಇಳಿಯಲ್ಲ. ನಾನು ಬಾಯಿ ಬಿಡ್ಲಿಲ್ಲ. ಪಾಪ, ಅಷ್ಟು ಖುಷಿಯಾಗಿದ್ರು."

ಅಕ್ಕತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವನು ತಮ್ಮ. ಆ ನಗು ಬೇಗ ನಿಲ್ಲಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ" ಎಂದಳು. ಹೊಗೆಯೆಲ್ಲ ರೈಲು ಹಳಿಯ ಕಡೆಗೆ ಹೋಗುತ್ತಿತ್ತು. ಯಾರೂ ಅವಳನ್ನು ತಿದ್ದಲಿಲ್ಲ.

ಎರಡನೆಯ ಸುತ್ತಿನ ತುಂಡುಗಳು ತಕ್ಕಮಟ್ಟಿಗೆ ಬೆಂದವು. ಮೇಷ್ಟ್ರು ತಟ್ಟೆ ಹಿಡಿದು ಗೋಡೆಗೊರಗಿ ಕುಳಿತು ತಿಂದರು. ಅಮ್ಮನ ತಟ್ಟೆಯಲ್ಲಿ ಮೂಳೆಗಳು ಮಾತ್ರ ಉಳಿದವು. ನೀರು ಕುಡಿದು ಬಂದ ಅಕ್ಕ ಇಕ್ಕಳವನ್ನು ಮತ್ತೆ ಗಾಳಿಗೆ ಅಡ್ಡ ನಿಂತಿದ್ದ ತಮ್ಮನ ಕೈಗಿತ್ತು, ಅವನ ಕೈಯಿಂದ ತಗಡನ್ನು ತೆಗೆದುಕೊಂಡಳು. ಅವನು ಇಕ್ಕಳವನ್ನು ಒಮ್ಮೆ ತೆರೆದು ಮುಚ್ಚಿ ನೋಡಿ, ಬದನೆಕಾಯಿಯನ್ನು ಬಹಳ ಎಚ್ಚರಿಕೆಯಿಂದ ಮಗ್ಗುಲು ಬದಲಾಯಿಸಿದ.

"ಅಕ್ಕ, ಮುಂದಿನ ವಾರ ಮೀನು ತರ್ಲಾ?" ಎಂದು ಕೇಳಿದ, ಕೆಂಡದಿಂದ ಕಣ್ಣು ತೆಗೆಯದೆ.

"ತಾ. ಆದ್ರೆ ನೀನೇ ಸುಡ್ಬೇಕು" ಎಂದಳು ಅಕ್ಕ, ತಗಡನ್ನು ಗಾಳಿಗೆ ಅಡ್ಡಹಿಡಿದು. "ನಾನು ಇಲ್ಲಿ ನಿಂತು ಸರಿಯಿಲ್ಲ ಅಂತಿರ್ತೀನಿ."